ಗೌಡ್ತಿಯ ಸುತ್ತಲಿನ ಗೆರೆಗಳು

“ಈ ಚಿತ್ರದಾಗಿನ ಗೆರಿ ಅರ್ಧಕ್ಕಿಂತ ಹೆಚ್ಚು ಸುಳ್ಳ ಅದಾವ್ರಿ!”

ಹಿಂದಿನ ಸಾಲಿನಿಂದ ಬಂದ ಆ ಮಾತಿಗೆ, ಗೋಡೆಯ ಮೇಲಿನ ಚಿತ್ರ ವಿವರಿಸುತ್ತಿದ್ದ ನೇತ್ರಾ ಅರ್ಧಕ್ಕೇ ನಿಲ್ಲಿಸಿದಳು.

ಸಂಶಿ ಊರ ಹೊರಗಿನ ಆ ಪುಟ್ಟ ಮಣ್ಣು ಸಂಶೋಧನಾ ಕೇಂದ್ರದಲ್ಲಿ ಇದ್ದವರೇ ಏಳೆಂಟು ಜನ. ಅಷ್ಟೂ ಜನ ಒಮ್ಮೆಲೇ ತಿರುಗಿ ಹಿಂದೆ ನೋಡಿದರು.

ಅಲ್ಲೊಬ್ಬ ತೆಳ್ಳನೆಯ ಹುಡುಗ, ತೋಳು ಮಡಚಿದ ಅಂಗಿ, ಕೈಯಲ್ಲಿ ಚಹಾದ ಕಪ್ಪು. ತಾನು ಆಡಿದ ಮಾತಿನಿಂದ ತಾನೇ ಗಾಬರಿಯಾದವನಂತೆ ಎದ್ದು ನಿಂತಿದ್ದ.

*ಯಾರಿವನು? ನನ್ನ ತಿಂಗಳುಗಟ್ಟಲೆಯ ದುಡಿಮೆಯನ್ನು ಚಹಾ ಕುಡಿಯುತ್ತಾ ಸುಳ್ಳು ಅನ್ನುವವನು!*

ಗೋಡೆಯ ಮೇಲಿದ್ದದ್ದು ನೇತ್ರಾಳ ಚಿತ್ರ. ನಾಲ್ಕುನೂರು ಚುಕ್ಕಿ. ಒಂದೊಂದು ಚುಕ್ಕಿಯೂ ಎರೆಮಣ್ಣಿನಲ್ಲಿ ಬದುಕುವ, ಬರಿಗಣ್ಣಿಗೆ ಕಾಣದ ಒಂದೊಂದು ಜೀವಿ. ಯಾವ ಜೀವಿ ಹೆಚ್ಚಾದಲ್ಲಿ ಯಾವುದು ಹೆಚ್ಚುತ್ತದೆ, ಯಾವುದು ಕುಗ್ಗುತ್ತದೆ ಎಂದು ನೋಡಿ, ಸಂಬಂಧ ಕಂಡಲ್ಲೆಲ್ಲ ಒಂದು ಗೆರೆ ಎಳೆದಿದ್ದಳು. ಅವಳ ಊರು ಯರಗುಪ್ಪಿಯಲ್ಲಿ ಮೆಣಸಿನ ಗಿಡಗಳು ಕಾಯಿ ಹಿಡಿಯುವ ಹೊತ್ತಿಗೆ ಸೊರಗಿ ನೆಲಕ್ಕೆ ಬೀಳುತ್ತಿದ್ದವು. ಯಾವ ಜೀವಿ ಗಿಡವನ್ನು ಕಾಯುತ್ತದೆ, ಯಾವುದು ಕೊಲ್ಲುತ್ತದೆ ಎನ್ನುವ ಗುಟ್ಟು ಈ ಗೆರೆಗಳಲ್ಲಿದೆ ಎಂದು ಅವಳು ನಂಬಿದ್ದಳು.

“ಸುಳ್ಳು ಅಂದ್ರ ಏನ್ರಿ? ಮಣ್ಣು ನಾ ಕೈಯಾರ ತಂದೇನಿ. ನಾ ಏನು ಸುಳ್ಳು ಬರದೇನಂತೀರೇನು?” ಎಂದಳು ನೇತ್ರಾ.

“ಹಂಗಲ್ರಿ... ನೀವು ಸುಳ್ಳು ಹೇಳೀರಿ ಅನ್ನಲಿಲ್ಲ. ಮಣ್ಣು ನಿಮಗ ಸುಳ್ಳು ಹೇಳೇತಿ.”

ಯಾರೋ ಕಿಸಕ್ಕನೆ ನಕ್ಕರು. ನೇತ್ರಾಳ ಕಿವಿ ಕೆಂಪಾದವು.

ಕೇಂದ್ರದ ಮುಖ್ಯಸ್ಥರಾದ ಮೈಲಾರಪ್ಪ ಸರ್ ನಗುತ್ತಾ ಎದ್ದರು. “ಇವರು ಹೇಮಂತ. ಅಣ್ಣಿಗೇರಿಯವರು. ನಿನ್ನೆ ಸೇರ್‍ಯಾರ. ಸಂಖ್ಯಾಶಾಸ್ತ್ರದವರು. ನೇತ್ರಾ, ಇನ್ನ ಮುಂದ ನಿನ್ನ ಲೆಕ್ಕ ಎಲ್ಲಾ ಇವರ ಕೈಯಾಗ.”

*ಮುಗಿಯಿತು ನನ್ನ ಕತೆ!* ಎಂದುಕೊಂಡಳು ನಮ್ಮ ನೇತ್ರಾ. ಪಾಪ, ಕತೆ ಆಗಷ್ಟೇ ಶುರುವಾಗಿದ್ದು ಅವಳಿಗೇನು ಗೊತ್ತು?

* * *

ಒಂದು ವಾರ ಅವಳು ಅವನೊಡನೆ ಮುಖ ಕೊಟ್ಟು ಮಾತಾಡಲಿಲ್ಲ. ಅವನೂ ಮಾತಿನ ಮಲ್ಲನೇನಲ್ಲ. ಕೊನೆಗೊಂದು ದಿನ ಅವಳ ಮೇಜಿನ ಬಳಿ ಬಂದು ನಿಂತು, ಬಾಗಿಲ ಕಡೆ ನೋಡುತ್ತಾ ಹೇಳಿದ.

“ಸಂಶಿ ಬಸ್‌ಸ್ಟ್ಯಾಂಡಿನ್ಯಾಗ ದಿನಾ ನಾಕುನೂರು ಮಂದಿ ಬಸ್ ಹತ್ತತಾರ ಅಂತ ತಿಳ್ಕೋರಿ.”

“ಹತ್ತಲಿ.”

“ಇಬ್ಬಿಬ್ಬರನ್ನ ಜೋಡಿ ಮಾಡಿದ್ರ ಎಂಬತ್ತು ಸಾವಿರ ಜೋಡಿ ಆಗ್ತಾವ್ರಿ. ಅಷ್ಟರಾಗ ಒಂದಿಷ್ಟು ಜೋಡಿ ಸುಮ್ಮನ, ಗೊತ್ತಿಲ್ಲದಂಗ, ಒಂದೇ ಬಸ್ಸಿಗೆ ಸಿಕ್ಕೇ ಸಿಗ್ತಾರ. ಹಂಗಂತ ಅವರೆಲ್ಲಾ ಗಂಡ ಹೆಂಡ್ತಿ ಆಗಿಬಿಡ್ತಾರೇನು?”

ನೇತ್ರಾಳಿಗೆ ನಗು ತಡೆಯಲಾಗಲಿಲ್ಲ. ಸಿಟ್ಟಿನಲ್ಲಿದ್ದವಳು ನಕ್ಕುಬಿಟ್ಟರೆ ಮುಗಿಯಿತು, ಮತ್ತೆ ಸಿಟ್ಟನ್ನು ಹುಡುಕಿ ತರುವುದು ಕಷ್ಟ.

“ಮತ್ತ ಖರೆ ಗೆರಿ ಯಾವುದು, ಸುಳ್ಳು ಯಾವುದು ಅಂತ ಹೆಂಗ ಗೊತ್ತಾಗ್ತದ್ರಿ?”

“ಒಂದೊಂದು ಜೀವಿಗೂ ಒಂದೊಂದು ಸೋಗಿನ ಅವಳಿ ಮಾಡೂಣು. ಬರೇ ಲೆಕ್ಕದಾಗಿನ ಅವಳಿ, ಮಣ್ಣಾಗ ಇಲ್ಲದ್ದು. ಆ ಸೋಗಿನವುಕ್ಕೂ ಗೆರಿ ಬಿದ್ರ, ನಮ್ಮ ಜರಡಿ ಎಷ್ಟು ಸಡಿಲ ಐತಿ ಅಂತ ತಿಳೀತದ. ಹತ್ತು ಗೆರ್‍ಯಾಗ ಒಂದಕ್ಕಿಂತ ಹೆಚ್ಚು ಸುಳ್ಳು ಉಳಿಬಾರದು... ಅಲ್ಲೀತನ ಜರಡಿ ಬಿಗಿ ಮಾಡೂಣು.”

ಇಬ್ಬರೂ ಕೂತು ಜರಡಿ ಹಿಡಿದರು. ಒಂದೊಂದೇ ಗೆರೆ ಅಳಿಸಿ ಹೋಗುವಾಗ ನೇತ್ರಾ ಉಳಿದವನ್ನು ಮತ್ತೆ ಮತ್ತೆ ಎಣಿಸುತ್ತಿದ್ದಳು. *ಇದೂ ಹೋಯಿತೇ? ಇದೂ? ಏನೂ ಉಳಿಯದಿದ್ದರೆ?*

ಉಳಿಯಿತು! ನೂರಾರು ಗೆರೆ ಅಳಿದ ಮೇಲೂ ನಡುಮಧ್ಯದ ಒಂದು ಚುಕ್ಕಿ ಮಾತ್ರ ಕದಲಲಿಲ್ಲ. ಒಂದೆರಡು ಹೊಲ ಬಿಟ್ಟರೆ, ಗಿಡ ಚೆನ್ನಾಗಿದ್ದ ಹೊಲಗಳಲ್ಲಿ ಅದು ತುಂಬಿ ತುಳುಕುತ್ತಿತ್ತು, ಸೊರಗಿದ ಹೊಲಗಳಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಅದರ ಕುಲದ ಕೆಲವು ಜೀವಿಗಳು ಬೇರಿಗೆ ಒಳ್ಳೆಯದು ಮಾಡುತ್ತವೆ ಎಂದು ನೇತ್ರಾ ಮೊದಲೇ ಓದಿದ್ದಳು. ಊರ ಯಜಮಾನಿಯಂತೆ ಉಳಿದ ಚುಕ್ಕಿಗಳನ್ನೆಲ್ಲ ತನ್ನ ಸುತ್ತಲೇ ಇಟ್ಟುಕೊಂಡಿದ್ದ ಆ ಚುಕ್ಕಿಗೆ ಅವಳು ‘ಗೌಡ್ತಿ’ ಎಂದು ಹೆಸರಿಟ್ಟಳು.

“ಗೌಡ್ತಿ ಖರೆ ಅದಾಳ್ರಿ,” ಎಂದ ಹೇಮಂತ. ಅವನ ಮುಖದಲ್ಲಿ ಅಷ್ಟು ದೊಡ್ಡ ನಗೆಯನ್ನು ಅವಳು ಅಂದೇ ಮೊದಲು ಕಂಡದ್ದು. “ನನ್ನ ಜರಡಿ ದಾಟಿ ಬಂದಾಳ.”

ಅಂದಿನಿಂದ ಏನಾಯಿತೋ... ನೇತ್ರಾಳ ಮನಸ್ಸು ಮತ್ತೊಂದು ಚಿತ್ರ ಬರೆಯತೊಡಗಿತು. ಅವನು ಚಹಾ ತರುವಾಗ ಎರಡು ಕಪ್ಪು ತರುತ್ತಾನೆ, ಒಂದು ಗೆರೆ. ‘ಬಸ್ ಸಿಕ್ತೇನ್ರಿ?’ ಎಂದು ಸಂದೇಶ ಕಳಿಸುತ್ತಾನೆ, ಇನ್ನೊಂದು ಗೆರೆ. ಅವಳು ಕೆಮ್ಮಿದರೆ ಪಂಖಾ ನಿಲ್ಲಿಸುತ್ತಾನೆ... ಮರುಕ್ಷಣವೇ ಹೆದರಿಕೆ. *ಇದೆಲ್ಲ ಸುಮ್ಮನೆ ಆಗಿದ್ದರೆ? ಎಲ್ಲರಿಗೂ ಹೀಗೇ ಮಾಡುತ್ತಿದ್ದರೆ? ನಾನೇ ಇಲ್ಲದ ಗೆರೆ ಎಳೆಯುತ್ತಿದ್ದರೆ?*

ಇತ್ತ ಸುದ್ದಿ ಹಬ್ಬಿತು. ಗೌಡ್ತಿಯನ್ನು ಬಾಟಲಿಯಲ್ಲಿ ಬೆಳೆಸಿ, ಸಸಿಯ ಬೇರಿಗೆ ಅದ್ದಿ ನೆಟ್ಟರೆ ಸೊರಗು ಬಿದ್ದ ಹೊಲದಲ್ಲೂ ಮೆಣಸಿನಕಾಯಿ ಬೆಳೆಯಬಹುದು! ಮುಂಗಾರಿಗೆ ಮೊದಲು ಸಂಶಿಯಲ್ಲಿ ರೈತರ ಸಭೆ ಕರೆದು ಹೇಳಿಬಿಡೋಣ ಎಂದು ಮೈಲಾರಪ್ಪ ಸರ್ ರವಿವಾರ ಗೊತ್ತು ಮಾಡಿದರು. ರೋಗ ಬಿದ್ದ ಹೊಲಕ್ಕೆ ನಾಲ್ಕಾರು ವರ್ಷ ಮೆಣಸಿನಕಾಯಿ ಹಾಕಬಾರದೆನ್ನುವುದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಹೊಳೆಪ್ಪನ ಮಗಳು ನೇತ್ರಾಳೇ ಹೇಳಿದ ಮೇಲೆ ಇನ್ನೇನು? ಯರಗುಪ್ಪಿಯಲ್ಲಿ ಮನೆಮನೆಯ ಹಿತ್ತಲಲ್ಲೂ ಸಸಿಮಡಿ ಎದ್ದವು.

ಹೆಚ್ಚು ಸಸಿ ಹಾಕಿದವನು ಅವಳ ಅಪ್ಪ ಹೊಳೆಪ್ಪನೇ.

* * *

ಸಭೆಗೆ ನಾಲ್ಕು ದಿನ ಇರುವಾಗ ಹೇಮಂತ ಹೊಲ ನೋಡಲು ಯರಗುಪ್ಪಿಗೆ ಬಂದ.

“ಶರಣ್ರೀ ಕಾಕಾ.”

“ಶರಣ್ರಿ, ಬರ್ರಿ ಬರ್ರಿ! ಲೆಕ್ಕದ ಸಾಹೇಬ್ರು ನೀವ ಏನು?” ಹೊಳೆಪ್ಪ ಹುಡುಗನನ್ನು ಕಾಲಿನಿಂದ ತಲೆಯತನಕ ನೋಡಿದ. “ಹೋದ ವರ್ಷ ಈ ಹೊಲದಾಗ ಒಂದು ಗಿಡ ಉಳೀಲಿಲ್ರಿ. ಈಗ ಮತ್ತ ಇಲ್ಲೇ ಸಸಿ ಹಚ್ಚಂತಾಳ ನನ್ನ ಮಗಳು. ಹಚ್ಚಲ್ಯಾ?”

“ಧೈರ್ಯಲೆ ಹಚ್ರಿ ಕಾಕಾ,” ಎಂದ ಹೇಮಂತ.

ಅವ್ವ ಸುಶೀಲವ್ವ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಲು ಕೂತಳು. ಅಪ್ಪ ನೀರು ತರಲು ಹೋದ. ಬದುವಿನ ಮೇಲೆ ಇವರಿಬ್ಬರೇ ಉಳಿದರು.

“ನೇತ್ರಾ ಅವರ... ನಿಮಗೊಂದು ಮಾತು ಹೇಳಲ್ಯಾ?”

ಅವಳು ಬುತ್ತಿ ಬಿಚ್ಚುತ್ತಿದ್ದ ಅವ್ವನ ಕಡೆ ಒಮ್ಮೆ ನೋಡಿ, ಹೂಂ ಎಂದಳು.

“ನಾ ಹುಟ್ಟಾ ಸಂಶಯದ ಮನಶ್ಯಾರಿ. ಮನಿ ಕೀಲಿ ಹಾಕಿದ ಮ್ಯಾಲೂ ಮೂರು ಸಲ ಜಗ್ಗಿ ನೋಡಾಂವ. ಯಾವುದನ್ನೂ ಪೂರಾ ನಂಬಿದಾಂವಲ್ಲ. ಮೊದಲನೇ ಸಲ ನಂಬಿದ್ದು ಈ ಗೌಡ್ತಿನ್ನ. ಅದರ ಸಲುವಾಗಿ ನನಗ ಇನ್ನೊಂದು ವಿಚಾರಕ್ಕೂ ಧೈರ್ಯ ಬಂದೈತಿ... ರವಿವಾರ ಸಭಾ ಮುಗೀಲಿ. ಆಮ್ಯಾಲೆ ಹೇಳ್ತೇನಿ.”

ಯಾವ ವಿಚಾರ ಎಂದು ಕೇಳಬೇಕೇ? ಅವನ ಕಿವಿಯ ಕೆಂಪೇ ಹೇಳುತ್ತಿತ್ತಲ್ಲ! ನೇತ್ರಾ ತಲೆ ತಗ್ಗಿಸಿದಳು. ಇಡೀ ಯರಗುಪ್ಪಿಯಲ್ಲಿ ಆ ಕ್ಷಣ ಅವಳಷ್ಟು ಸುಖಿ ಮತ್ತೊಬ್ಬರಿರಲಿಲ್ಲ.

“ಬರ್ರೆಪಾ ಉಣ್ಣಾಕ!” ಅವ್ವ ಕೂಗಿದಳು.

ರೊಟ್ಟಿ, ಝುಣಕ, ಉಳ್ಳಾಗಡ್ಡಿ, ಮೊಸರನ್ನ. ಎಲ್ಲರಿಗೂ ಬಡಿಸುವ ಮೊದಲು ಸುಶೀಲವ್ವ ಹೊಲದಲ್ಲಿ ಉಣ್ಣುವಾಗ ದಿನವೂ ಮಾಡುವಂತೆ ಒಂದು ಹಿಡಿ ಮೊಸರನ್ನ ತೆಗೆದು, ಕಣ್ಣು ಮುಚ್ಚಿ, ಹೊಲದ ಕಡೆ ಚೆಲ್ಲಿದಳು. ಬಿಳಿ ಅಗುಳು ಕರಿ ಮಣ್ಣಿನ ಮೇಲೆ ಬಿದ್ದವು.

ನೇತ್ರಾ ಮುರಿದ ರೊಟ್ಟಿ ಕೈಯಲ್ಲೇ ಉಳಿಯಿತು.

*ಮೊಸರು... ಮಣ್ಣು...*

*ಎಳ್ಳಮಾಸಿ!*

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ಊರಿಗೆ ಊರೇ ಬಂಡಿ ಹೂಡಿ ಹೊಲಕ್ಕೆ ಹೋಗುತ್ತದೆ. ಕಡಬು, ಹೋಳಿಗೆ, ಸಜ್ಜಿರೊಟ್ಟಿ, ಕೊಡಗಟ್ಟಲೆ ಮೊಸರನ್ನ. ಹೊಲದ ಸುತ್ತ ನಡೆಯುತ್ತಾ ಆ ಅಡುಗೆಯನ್ನೇ ಭೂಮಿತಾಯಿಗೆ ಚರಗವೆಂದು ಚೆಲ್ಲುತ್ತಾರೆ. ಅವಳೂ ಆ ಹಬ್ಬಕ್ಕೆಂದೇ ರಜೆ ಹಾಕಿ ಊರಿಗೆ ಬಂದಿದ್ದಳು. ಊರಿಗೆ ಬಂದೇ ಇದ್ದೇನಲ್ಲ ಎಂದು ಮರುದಿನವೇ ಚೀಲ ಹಿಡಿದು ಹೊಲಹೊಲ ತಿರುಗಿ ತನ್ನ ಚಿತ್ರಕ್ಕೆ ಬೇಕಾದ ಮಣ್ಣನ್ನೆಲ್ಲ ತುಂಬಿಕೊಂಡಿದ್ದಳು.

ಚರಗದ ಮರುದಿನ!

ಬೆಳೆ ಚೆನ್ನಾಗಿದ್ದ ಹೊಲಕ್ಕೆ ಹಬ್ಬ ಹೋಗುತ್ತದೆ. ಎರಡು ಹೊಲ ಇದ್ದವರು ಗಿಡ ಒಣಗಿದ ಹೊಲ ಬಿಟ್ಟು, ನೋಡಿದರೆ ಕಣ್ಣು ತುಂಬುವ ಹೊಲದಲ್ಲಿ ಚರಗ ಚೆಲ್ಲುತ್ತಾರೆ. ಹಾಲನ್ನು ಮೊಸರು ಮಾಡುವ ಜೀವಿಗಳೂ ಗೌಡ್ತಿಯ ಕುಲದವೇ. ಗೌಡ್ತಿ ಗಿಡ ಕಾಯುವವಳಲ್ಲ. ಮೊಸರಿನ ಗಡಿಗೆಯಿಂದ ಬಂದ ಅತಿಥಿ!

“ಯಾಕ್ರಿ, ಉಣ್ಣಲಿಲ್ಲ?” ಹೇಮಂತ ಕೇಳಿದ.

“ಏನಿಲ್ರಿ... ಬಿಸಲು.”

ಎದುರಿಗೆ ಕೂತವನು ಅವ್ವ ಬಡಿಸಿದ್ದನ್ನೆಲ್ಲ ಹೊಗಳುತ್ತಾ ಉಣ್ಣುತ್ತಿದ್ದ. *ಮೊದಲ ಸಲ ನಂಬಿದವನು. ಅದರಿಂದ ಧೈರ್ಯ ಬಂದವನು. ಗೌಡ್ತಿ ಸುಳ್ಳೆಂದು ಹೇಳಿದರೆ ಆ ಧೈರ್ಯ ಏನಾಗುತ್ತದೆ? ಹೇಳದಿದ್ದರೆ ಅಪ್ಪನ ಹೊಲ ಏನಾಗುತ್ತದೆ?*

* * *

ಮರುದಿನದಿಂದ ನೇತ್ರಾ ಕೇಂದ್ರಕ್ಕೆ ಹೋಗಲಿಲ್ಲ. ಮೈಯಲ್ಲಿ ನೆಟ್ಟಗಿಲ್ಲ ಎಂದು ಸುಳ್ಳು ಹೇಳಿದಳು. ಮೊದಲು ಖಾತ್ರಿ ಮಾಡಿಕೊಳ್ಳಬೇಕು, ಆಮೇಲೆ ಅವನಿಗೆ ಹೇಳಬೇಕು ಎನ್ನುವುದು ಅವಳ ಲೆಕ್ಕ. ಹೆದರಿದವರಿಗೆ ಇಂಥ ಲೆಕ್ಕ ಬಹಳ ಬೇಗ ಹೊಳೆಯುತ್ತದೆ.

ಮಣ್ಣು ತಂದ ಪ್ರತಿ ಹೊಲದವರ ಮನೆಗೂ ಹೋದಳು. ಎಲ್ಲರಿಗೂ ಒಂದೇ ಪ್ರಶ್ನೆ.

“ಈ ಸಲ ಎಳ್ಳಮಾಸಿಗೆ ಚರಗ ಯಾವ ಹೊಲದಾಗ ಚೆಲ್ಲಿದ್ರಿ?”

“ಯಾಕಬೇ ತಂಗೀ, ಚರಗ ಚೆಲ್ಲೂದು ತಪ್ಪೇನು ಈಗ?” ಎಂದು ಹನಮಂತಪ್ಪ ಹುಬ್ಬು ಗಂಟಿಕ್ಕಿದ.

“ತಪ್ಪಲ್ಲ ಕಾಕಾ! ಸುಮ್ಮನ ಕೇಳಿದೆ.”

“ದೊಡ್ಡ ಹೊಲದಾಗ ಚೆಲ್ಲಿದ್ವಿ. ಹಳ್ಳದ ಹೊಲದಾಗ ಗಿಡ ಎಲ್ಲಾ ಸತ್ತಿದ್ದುವಲ್ಲ, ಅಲ್ಲೇನು ಹೋಗೂದು?”

ಹೌದು... ಗೌಡ್ತಿ ಸಿಕ್ಕದ್ದು ಆ ದೊಡ್ಡ ಹೊಲದಲ್ಲೇ. ಮುಂದಿನ ಮನೆಯಲ್ಲೂ ಹಾಗೇ. ಅದರ ಮುಂದಿನದರಲ್ಲೂ ಹಾಗೇ.

ಎಳ್ಳಮಾಸಿಯ ಹೊತ್ತಿಗೆ ರಮಜಾನ್ ಚಾಚಾನ ಹೊಲದಲ್ಲಿ ಗಿಡ ಸೊಂಟದೆತ್ತರ ಬೆಳೆದು ಕಾಯಿ ಜೋತು ಬಿದ್ದಿದ್ದವು. ಅಲ್ಲಿ ಗೌಡ್ತಿ ಇರಲೇ ಇಲ್ಲ.

“ಪ್ರತಿ ವರ್ಷ ನಿಮ್ಮಪ್ಪ ನಮ್ಮ ಹೊಲದಾಗೂ ಚರಗ ಚೆಲ್ಲತಿದ್ದ ಬೇಟಿ,” ಎಂದ ಚಾಚಾ. “ಈ ವರ್ಷ ಅವನಿಗೆ ಕಾಲು ನೋವು. ನಮ್ಮ ಬಾಜು ಬರಲೇ ಇಲ್ಲ.”

ಕೊನೆಗೆ ದುರ್ಗವ್ವನ ಮನೆ. ಆ ಮುದುಕಿಗೆ ಇದ್ದದ್ದೇ ಒಂದು ಹೊಲ, ಅದರಲ್ಲಿ ಒಂದು ಗಿಡವೂ ಉಳಿದಿರಲಿಲ್ಲ.

“ಚೆಲ್ಲಿದ್ನಿ ಯವ್ವಾ. ಗಿಡ ಸತ್ರ ಭೂಮಿತಾಯಿ ಉಪವಾಸ ಇರಬೇಕೇನು? ಕೈ ತುಂಬಿ ಚೆಲ್ಲಿದ್ನಿ.”

ಗಿಡವೆಲ್ಲ ಸತ್ತ ಆ ಹೊಲದ ಮಣ್ಣಿನಲ್ಲಿ ಗೌಡ್ತಿ ಎಲ್ಲ ಹೊಲಗಳಿಗಿಂತ ಹೆಚ್ಚಿದ್ದದ್ದು ನೇತ್ರಾಳಿಗೆ ನೆನಪಿತ್ತು. ಎಲ್ಲದರಲ್ಲೂ ಒಂದು ಹೊಲ ಹೀಗೆ ಇರುತ್ತದೆ ಎಂದು ಅಂದು ಇಬ್ಬರೂ ಅದನ್ನು ದಾಟಿ ಹೋಗಿದ್ದರು.

ಅವಳು ದುರ್ಗವ್ವನಿಗೆ ಶರಣು ಹೇಳಿ ಹೊರಬಿದ್ದಳು. ಇನ್ನು ಸಂಶಯವೇ ಉಳಿಯಲಿಲ್ಲ.

ಈ ನಡುವೆ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಹೇಮಂತ... ಹೇಮಂತ... ಹೇಮಂತ. ಪ್ರತಿ ಸಲವೂ ಎತ್ತಬೇಕೆಂದು ಬೆರಳು ಮುಂದೆ ಹೋಗುತ್ತಿತ್ತು, ಎದೆ ಹಿಂದೆ ಜಗ್ಗುತ್ತಿತ್ತು. ಶುಕ್ರವಾರ ಸಂಜೆ ಕರೆ ನಿಂತು, ಸಂದೇಶ ಬಂತು.

‘ನಾ ಹೊಲದಾಗ ಆಡಿದ ಮಾತು ನಿಮಗ ಸೇರಲಿಲ್ಲಂತ ತಿಳೀತ್ರಿ. ತಪ್ಪು ತಿಳ್ಕೊಂಡಿದ್ದೆ. ಕ್ಷಮಾ ಮಾಡ್ರಿ. ಸಭಾಕ್ಕ ನಾ ಬರೂದಿಲ್ಲ, ನೀವು ಅಂಜದ ಮಾತಾಡ್ರಿ.’

“ಅಯ್ಯೋ ದೇವರೇ... ಹಂಗಲ್ಲ!” ಎಂದು ಫೋನಿಗೇ ಹೇಳಿದಳು. ಉತ್ತರ ಬರೆದಳು, ಅಳಿಸಿದಳು. ಮತ್ತೆ ಬರೆದಳು, ಮತ್ತೆ ಅಳಿಸಿದಳು. ಗೌಡ್ತಿ ಸುಳ್ಳು ಎನ್ನದೆ ಬೇರೇನನ್ನೂ ಹೇಳಲು ಬರುವಂತಿರಲಿಲ್ಲ. ಅದನ್ನು ಫೋನಿನಲ್ಲಿ ಹೇಗೆ ಹೇಳುವುದು?

ಶನಿವಾರ ಬೆಳಿಗ್ಗೆ ಓಡಿದಳು ಕೇಂದ್ರಕ್ಕೆ. ಹೇಮಂತನ ಕುರ್ಚಿ ಖಾಲಿ.

“ರಜಾ ಹಾಕಿ ಅಣ್ಣಿಗೇರಿಗೆ ಹೋದ,” ಎಂದರು ಮೈಲಾರಪ್ಪ ಸರ್. “ಮಾರಿ ಸಣ್ಣದು ಮಾಡ್ಕೊಂಡಿದ್ದ. ಏನಾತಂತ ಹೇಳಲಿಲ್ಲ.”

*ಸಂದೇಶ ಕಳಿಸಿದ ಮೇಲೆ ಯಾರೋ ಹೇಳಿ ಅವನಿಗೂ ಗೊತ್ತಾಗಿಬಿಟ್ಟಿದೆ! ಗೌಡ್ತಿಯ ವಿಷಯ ಗೊತ್ತಾಗಿಯೇ ಮುಖ ತಪ್ಪಿಸಿ ಹೋಗಿದ್ದಾನೆ!* ಹೆದರಿದ ಮನಸ್ಸಿಗೆ ಎಲ್ಲೆಲ್ಲೂ ಹೆದರಿಕೆಯದೇ ಗೆರೆ ಕಾಣುತ್ತದೆ ನೋಡಿ.

ಅವಳು ಮೈಲಾರಪ್ಪ ಸರ್ ಮುಂದೆ ಎಲ್ಲವನ್ನೂ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿದರು.

“ನಾಳಿ ಸಭಾ ಐತಿ ನೇತ್ರಾ. ಮಂದಿಗೆಲ್ಲಾ ಹೇಳೇವಿ. ಈ ವರ್ಷ ಹಚ್ಚಲಿ ಬಿಡು, ಮುಂದಿನ ವರ್ಷ ಸಾವಕಾಶ ತಿದ್ದೂಣು.”

“ಸರ್, ಹಚ್ಚಿದ್ದೆಲ್ಲಾ ಸಾಯ್ತಾವ್ರಿ!”

“ಸಾಯ್ತಾವ ಅಂತ ಖಾತ್ರಿ ಐತೇನು? ಆ ಹುಡುಗನ್ನ ನೆನಸ್ಕೋ. ಇಲ್ಲಿ ಬಂದು ಮೊದಲನೇ ಕೆಲಸ. ನೀ ಎದ್ದು ನಿಂತು ಸುಳ್ಳಂದ್ರ ಅವನ ಹೆಸರು ಏನಾಗಬೇಕು?”

ಆ ಮಾತು ನೆಟ್ಟಗೆ ಅವಳ ನೋವಿದ್ದ ಜಾಗಕ್ಕೇ ತಾಗಿತು.

* * *

ರವಿವಾರ ಸಂಶಿಯ ಸಮುದಾಯ ಭವನ ತುಂಬಿ ಹೊರಗೂ ಜನ ನಿಂತಿದ್ದರು. ಮೊದಲ ಸಾಲಿನಲ್ಲಿ ಹೊಳೆಪ್ಪ ಮಡಿ ಧೋತರ ಉಟ್ಟು, ಬಾಜುಕಿನವರಿಗೆಲ್ಲ ಮಗಳನ್ನು ತೋರಿಸುತ್ತಾ ಕೂತಿದ್ದ.

ನೇತ್ರಾ ಮೈಕಿನ ಮುಂದೆ ಬಂದಳು. ಜನರ ನಡುವೆ ಒಂದೇ ಮುಖ ಹುಡುಕಿದಳು. ಇರಲಿಲ್ಲ.

*ಹೇಳಿದರೆ ಅವನು ಇನ್ನೆಂದೂ ನನ್ನ ಮುಖ ನೋಡಲಾರ.*

ಅಪ್ಪ ಅವಳನ್ನೇ ನೋಡಿ ನಗುತ್ತಿದ್ದ.

“ಎಲ್ಲಾರಿಗೂ ಶರಣ್ರಿ,” ಎಂದಳು. ಒಂದು ಗುಟುಕು ನೀರು ಕುಡಿದಳು. “ಸೊರಗು ಬಿದ್ದ ಹೊಲಕ್ಕ ಈ ವರ್ಷ ಮೆಣಸಿನಕಾಯಿ ಹಚ್ಚಬ್ಯಾಡ್ರಿ.”

ಹೊಳೆಪ್ಪ ಕಿವಿಗೆ ಕೈ ಹಚ್ಚಿ ಮುಂದಕ್ಕೆ ಬಾಗಿದ.

“ನಾ ಹಚ್ರಿ ಅಂದಿದ್ದೆ. ನಾ ಹೇಳಿದ್ದು ತಪ್ಪು. ಗಿಡ ಕಾಯೂ ಜೀವಿ ಸಿಕ್ಕೈತಿ ಅಂತ ತಿಳ್ಕೊಂಡಿದ್ದೆ. ನನಗ ಸಿಕ್ಕಿದ್ದು ನಿಮ್ಮ ಮನಿ ಮೊಸರ್‍ರಿ. ಎಳ್ಳಮಾಸಿ ಮರುದಿನ ಮಣ್ಣು ತಂದೆ. ಬೆಳಿ ಚಲೋ ಇದ್ದ ಹೊಲದಾಗ ನೀವು ಚರಗ ಚೆಲ್ಲಿದ್ರಿ, ಅಲ್ಲೇ ಅದು ಸಿಕ್ತು. ಬೆಳಿ ಚಲೋ ಆಗಾಕ ಅದು ಕಾರಣಲ್ಲ. ಬೆಳಿ ಚಲೋ ಇತ್ತಂತ ಅದು ಅಲ್ಲಿ ಬಂದಿತ್ತು.”

ಯಾರೋ ನಕ್ಕರು. ಯಾರೋ ಬೈದರು.

“ಹಂಗಾದ್ರ ಹಾಕಿದ ಸಸಿ ಏನ್ ಮಾಡೂದವ್ವಾ?” ಎಂದು ಹನಮಂತಪ್ಪ ಎದ್ದು ನಿಂತು ಕೂಗಿದ. “ಲೆಕ್ಕದ ಸಾಹೇಬ್ರು ಖರೆ ಅಂದಿದ್ರಂತಲ್ಲ? ಅವರೆಲ್ಲಿ ಅದಾರ? ಅವರ ಲೆಕ್ಕಾನೂ ಸುಳ್ಳೇನು?”

“ಅವರ ಲೆಕ್ಕದಾಗ ತಪ್ಪಿಲ್ರಿ!” ಅವಳ ಧ್ವನಿ ತಾನಾಗಿಯೇ ಏರಿತು. “ಸುಮ್ಮನ ಜೋಡಿ ಬಿದ್ದ ಸುಳ್ಳನ್ನ ಅವರ ಜರಡಿ ಹಿಡೀತೈತಿ. ಊರಿಗೆ ಊರ ಒಂದೇ ದಿನ ಮೊಸರನ್ನ ಚೆಲ್ಲಿದ್ದನ್ನ ಯಾವ ಜರಡಿನೂ ಹಿಡ್ಯಾಂಗಿಲ್ಲ. ಅದು ನನಗ ಗೊತ್ತಿತ್ತು. ನಾನ ಹೇಳಬೇಕಿತ್ತು. ತಪ್ಪು ನಂದು, ನನ್ನ ಒಬ್ಬಾಕಿದ.”

“ಒಬ್ಬಾಕಿದಲ್ರಿ.”

ಬಾಗಿಲ ಬಳಿಯಿಂದ ಬಂದ ಧ್ವನಿ!

ಹೇಮಂತ ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದ. ಗಡ್ಡ ಬಿಟ್ಟಿದ್ದ, ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಬರುವುದಿಲ್ಲ ಎಂದವನು ಬಸ್ಸು ಹತ್ತಿ ಬಂದು, ಹೊರಗೆ ನಿಂತು ಎಲ್ಲವನ್ನೂ ಕೇಳಿದ್ದ.

“ಲೆಕ್ಕ ಮಾಡಿದಾಂವ ನಾ. ಮಣ್ಣು ಯಾವಾಗ ತಂದ್ರಿ ಅಂತ ಒಂದು ಮಾತು ಕೇಳಬೇಕಾಗಿತ್ತು, ಕೇಳಲಿಲ್ಲ. ದುರ್ಗವ್ವನ ಹೊಲ ಬ್ಯಾರೆ ಹೇಳಾಕತ್ತಿತ್ತು, ಅದನ್ನೂ ನೋಡಿ ನೋಡದಂಗ ಬಿಟ್ಟೆ. ನಾವೂ ಅಣ್ಣಿಗೇರ್‍ಯಾಗ ಚರಗ ಚೆಲ್ಲೋ ಮಂದೀನರಿ. ಬೈಯೂದಿದ್ರ ನನ್ನೂ ಬೈರಿ.”

ಬೈದರು. ಬೈಯದೆ ಬಿಟ್ಟಾರೆಯೇ? ಆದರೆ ಬಿತ್ತಿದ ಮೇಲೆ ಬೈಯುವುದಕ್ಕೂ ಬಿತ್ತುವ ಮೊದಲು ಬೈಯುವುದಕ್ಕೂ ಬಹಳ ಅಂತರವಿದೆ. ದನಿಗಳು ಏರಿ, ನಿಧಾನಕ್ಕೆ ಇಳಿದವು. ಸಸಿಯನ್ನು ರೋಗವಿಲ್ಲದ ಹೊಲಕ್ಕೆ ಹಚ್ಚುವುದು, ರೋಗದ ಹೊಲಕ್ಕೆ ಹೆಸರುಕಾಳು ಬಿತ್ತುವುದು ಎಂದು ರೈತರೇ ತಮ್ಮತಮ್ಮಲ್ಲಿ ಮಾತಾಡಿಕೊಳ್ಳತೊಡಗಿದರು.

ಹೊಳೆಪ್ಪ ಮಾತ್ರ ಎದ್ದು ಮಗಳ ಹತ್ತಿರ ಬಂದ.

“ಮನ್ಯಾಗ ಒಂದು ಮಾತು ಹೇಳಬಾರದೇನು ಬೇ? ಬುತ್ತಿ ಉಂಡ ದಿನದಿಂದ ಒಬ್ಬಾಕಿನ ಹೊತ್ತು ತಿರಗೀದಿ?”

“ಅಪ್ಪಾ...”

“ಹೋಗ್ಲಿ ಬಿಡು. ಹೊಲ ಉಳೀತು.” ಅವಳ ತಲೆ ಮೇಲೆ ಒಮ್ಮೆ ಕೈ ಇಟ್ಟು, ಬೇಗನೆ ತೆಗೆದು, ಚಹಾದ ಅಂಗಡಿಯ ಕಡೆ ಹೋದ.

* * *

ಭವನದ ಹಿಂದಿನ ಮೆಟ್ಟಿಲ ಮೇಲೆ ನೇತ್ರಾ ಕೂತಿದ್ದಳು. ಹೇಮಂತ ಬಂದು, ಒಂದು ಮೆಟ್ಟಿಲು ಕೆಳಗೆ ನಿಂತ.

“ಊರಾಗಿನ ಮನಿಮನಿಗೂ ಹೋಗಿ ಕೇಳಿದ್ರಂತಲ್ರಿ,” ಎಂದ. ಧ್ವನಿಯಲ್ಲಿ ಸಿಟ್ಟಿತ್ತು, ಅದಕ್ಕಿಂತ ಹೆಚ್ಚಾಗಿ ನೋವಿತ್ತು. “ನನಗೊಬ್ಬಗ ಹೇಳಲಿಲ್ಲ. ನಾ ಎಷ್ಟು ಸಲ ಫೋನ್ ಮಾಡಿದೆ... ನಿಮಗ ನಾ ಬ್ಯಾಡಾದ್ನಿ ಅಂತ ತಿಳಕೊಂಡ್ನಿ.”

“ನೀವು ರಜಾ ಹಾಕಿ ಹೋದ್ರಿ. ನಿಮಗ ಎಲ್ಲಾ ಗೊತ್ತಾಗಿ, ನನ್ನ ಮ್ಯಾಲೆ ಸಿಟ್ಟಾಗಿ ಹೋದ್ರಿ ಅಂತ ನಾ ತಿಳಕೊಂಡೆ.”

“ಗೊತ್ತಿದ್ರ ಯಾಕ ಹೋಗ್ತಿದ್ನಿ? ನಿಮ್ಮ ಜೋಡಿ ಮನಿಮನಿ ಅಡ್ಡಾಡತಿದ್ನಿ!”

ಭವನದೊಳಗೆ ಕುರ್ಚಿ ಎಳೆಯುವ ಸದ್ದು ಕೇಳುತ್ತಿತ್ತು.

“ಮತ್ತ ಇವತ್ತ ಯಾಕ ಬಂದ್ರಿ? ಬರೂದಿಲ್ಲಂದಿದ್ರಿ.”

“ನೀವು ಮಾತಾಡೂದು ಒಮ್ಮೆ ಕೇಳಿ ಹೋಗಬೇಕನಿಸ್ತು. ಹಿಂದ ನಿಂತು ಕೇಳಿ, ಸುಮ್ಮನ ಹೊಳ್ಳಿ ಹೋಗಾಂವಿದ್ನಿ.”

ಅವಳ ಕಣ್ಣು ತುಂಬಿದವು. “ನನಗ ಹೇಳಾಕ ಅಂಜಿಕಿ ಆತ್ರಿ. ನೀವು ಮೊದಲನೇ ಸಲ ನಂಬಿದ್ದು ಅದನ್ನ. ಅದು ಸುಳ್ಳಂದ್ರ ನಿಮ್ಮ ಧೈರ್ಯ ಹೋಗ್ತದ, ನೀವೂ ಹೋಗ್ತೀರಿ... ನಿಮ್ಮನ್ನ ಕಳಕೊಳ್ತೇನಿ ಅಂತ...”

“ಕಳಕೊಳ್ಳಾಕ ಮೊದಲ ಸಿಕ್ಕಿರಬೇಕಲ್ರಿ?” ಅವನು ಮೆಲ್ಲಗೆ ನಕ್ಕ. “ನಾ ಇನ್ನೂ ಕೇಳೇ ಇಲ್ಲ.”

“ಹಂಗಾದ್ರ ಕೇಳ್ರಿ!” ಎಂದುಬಿಟ್ಟಳು. ಅಂದ ಮೇಲೆ ನಾಚಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಹೇಮಂತ ಒಂದು ಮೆಟ್ಟಿಲು ಹತ್ತಿ, ಅವಳ ಬಾಜು ಕೂತ.

“ಜೀವನಾ ಪೂರ್ತಿ ನಿಮ್ಮ ಜೋಡಿ ಇರಬೇಕನಸ್ತದ್ರಿ. ನನ್ನ ಮದುವಿ ಆಗ್ತೀರೇನು?”

ಇಷ್ಟು ದಿನ ಕಾದ ಮಾತು ಕಿವಿಗೆ ಬಿದ್ದಾಗಲೂ ಹಾಳಾದ ಹೆದರಿಕೆ ನೇತ್ರಾಳನ್ನು ಬಿಡಲಿಲ್ಲ.

“ಧೈರ್ಯ ಎಲ್ಲಿಂದ ಬಂತ್ರಿ? ಗೌಡ್ತಿ ಹೋದ್ಲಲ್ಲ?”

“ಧೈರ್ಯ ಇಲ್ರಿ. ಎದಿ ಹೊಡ್ಕೊಳ್ಳಾಕತ್ತೈತಿ ನೋಡ್ರಿ. ಖಾತ್ರಿನೂ ಇಲ್ಲ, ಏನೂ ಇಲ್ಲ. ಅಂಜಿಕೋತನ ಕೇಳಾಕತ್ತೇನಿ.”

ಖಾತ್ರಿ ಇಲ್ಲದೆ ಒಂದು ಹೆಜ್ಜೆಯನ್ನೂ ಇಡದ ಮನುಷ್ಯ! ಅವಳು ಅವನ ಕೈ ಹಿಡಿದಳು.

“ಹೂಂ ಅಂತೇನ್ರಿ,” ಎಂದಳು ಮೆಲ್ಲಗೆ. “ಆಗ್ತೇನಿ.”

“ಖರೇನಾ?”

“ಖರೇನ. ಆದ್ರ ನನಗೂ ಭಾಳ ಅಂಜಿಕಿ ಐತಿ. ಅಪ್ಪ ಅಲ್ಲೇ ಚಹಾದಂಗಡಿ ಮುಂದ ನಿಂತಾನ. ಏನಂತ ಹೇಳೂದು?”

ಹೇಮಂತ ಬಗ್ಗಿ ರಸ್ತೆಯ ಕಡೆ ನೋಡಿದ. ಅವನ ಮುಖದ ಬಣ್ಣವೇ ಇಳಿದುಹೋಯಿತು.

“ಇವತ್ತ ಹೇಳಬೇಕೇನ್ರಿ? ಈಗಷ್ಟ ಬೈಸ್ಕೊಂಡು ಬಂದೇನಿ...”

ನೇತ್ರಾ ಅವನ ಕೈ ಬಿಡದೆಯೇ ಎದ್ದು ನಿಂತಳು.

“ಏಳ್ರಿ, ಹೋಗೂಣು. ಇನ್ನ ಮ್ಯಾಲೆ ಒಬ್ಬೊಬ್ಬರ ಅಂಜೂದು ಬ್ಯಾಡ. ಇಬ್ಬರೂ ಕೂಡೇ ಅಂಜೂಣು.”